ಸಿಡುಬು ಹೋಯಿತು, ಅದರ ಕಟ್ಟಳೆ ಏಕೆ ಉಳಿಯಬೇಕು?

ಶಿವರಾತ್ರಿ ಹತ್ತಿರವಾಗಿ ಬಿಸಿಲು ಏರತೊಡಗಿದರೆ ಹೈದರಾಬಾದಿನಲ್ಲಿ ಸೀತಾಳೆ ಸಿಡುಬು ತಲೆಯೆತ್ತುತ್ತದೆ. ತೆಲುಗು ಮನೆಗಳಲ್ಲಿ ‘ಅಮ್ಮವಾರು ಪೋಸಿಂದಿ’ ಎನ್ನುತ್ತಾರೆ. ಬೀದರ, ಕಲಬುರಗಿ, ರಾಯಚೂರು ಕಡೆಯಿಂದ ಬಂದು ಇಲ್ಲಿ ನೆಲೆಸಿದ ನಮ್ಮವರ ಮನೆಗಳಲ್ಲಿ ‘ತಾಯಿ ಬಂದಾಳ’ ಎನ್ನುತ್ತಾರೆ. ಅದರ ಬೆನ್ನಿಗೇ ಇನ್ನೊಂದು ಮಾತು: ‘ದವಾಖಾನಿಗೆ ಹೋಗಬ್ಯಾಡ್ರಿ, ಗುಳಿಗಿ ಕೊಡಬ್ಯಾಡ್ರಿ. ಬಂದಾಕಿ ತಾನೇ ಹೋಗ್ತಾಳ.’ ದೇವರ ಗೊಡವೆಯಿಲ್ಲದ ಮನೆಗಳಲ್ಲಿ ಹೇಳುವ ರೀತಿ ಬೇರೆ: ‘ವೈರಲ್ ಅಷ್ಟೇ, ಒಂದು ವಾರ ರಜೆ ಹಾಕಿದರಾಯಿತು. ಎಲ್ಲರಿಗೂ ಒಮ್ಮೆ ಬರಲೇಬೇಕಲ್ಲ.’ ಅಜ್ಜಿಯೂ ಹೈಟೆಕ್ ಸಿಟಿಯಲ್ಲಿ ದುಡಿಯುವ ಮೊಮ್ಮಗನೂ ಬೇರೆ ಬೇರೆ ದಾರಿಯಲ್ಲಿ ಬಂದು ಒಂದೇ ತೀರ್ಮಾನ ಮುಟ್ಟುತ್ತಾರೆ. ಏನೂ ಮಾಡಬೇಕಾಗಿಲ್ಲ ಎಂಬುದೇ ಆ ತೀರ್ಮಾನ.

ಈ ತೀರ್ಮಾನ ತಪ್ಪು. ಆರೋಗ್ಯವಂತ ಮಗುವಿನ ಮಟ್ಟಿಗೆ ಅದರಲ್ಲಿ ಅರ್ಧ ಸತ್ಯವಿದೆ. ಆ ಅರ್ಧ ಸತ್ಯವನ್ನು ಇಪ್ಪತ್ತೈದರ ಯುವಕನಿಗೂ ಬಸುರಿಗೂ ಹಸುಗೂಸಿಗೂ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೂ ಒಂದೇ ಸಮನೆ ಅನ್ವಯಿಸುತ್ತಿದ್ದೇವೆ. ಅಲ್ಲಿ ಅದು ಜೀವಕ್ಕೆ ಎರವಾಗುತ್ತದೆ. ಈ ಲೇಖನ ಆ ಉದಾಸೀನದ ವಿರುದ್ಧ.

ಮೊದಲೇ ಒಂದು ಮಾತು ಸ್ಪಷ್ಟಪಡಿಸಬೇಕು. ನನ್ನ ಜಗಳ ದೇವಿಯ ಜೊತೆಗಲ್ಲ. ಪೋಚಮ್ಮ, ಮುತ್ಯಾಲಮ್ಮ, ಮೈಸಮ್ಮ, ಎಲ್ಲಮ್ಮರ ಗುಡಿಗಳಿಲ್ಲದ ಬಸ್ತಿ ಈ ನಗರದಲ್ಲಿ ಸಿಗುವುದು ಕಷ್ಟ. ಆಷಾಢದ ಬೋನಾಲು ಹಬ್ಬದ ಹಿಂದೆಯೂ ರೋಗದ ನೆನಪೇ ಇದೆ. 1813ರಲ್ಲಿ ಅವಳಿ ನಗರದಲ್ಲಿ ಮಹಾಮಾರಿ ಹಬ್ಬಿದಾಗ ಉಜ್ಜಯಿನಿಯಲ್ಲಿದ್ದ ಇಲ್ಲಿಯ ಸೈನಿಕರು ಮಹಾಕಾಳಿಗೆ ಹರಕೆ ಹೊತ್ತರು, ಊರು ಉಳಿಯಿತು, ಹಿಂದಿರುಗಿ ಬಂದವರು ಸಿಕಂದರಾಬಾದಿನಲ್ಲಿ ದೇವಿಯನ್ನು ನೆಲೆಗೊಳಿಸಿದರು ಎಂದು ಐತಿಹ್ಯ ಹೇಳುತ್ತದೆ. ವೈದ್ಯನೂ ಇಲ್ಲದ, ಔಷಧವೂ ಇಲ್ಲದ ಕಾಲದಲ್ಲಿ ಸಾವಿನ ಎದುರು ನಿಂತ ಜನ ಬೇವಿನ ಸೊಪ್ಪು, ಅರಿಶಿನ, ಮೊಸರನ್ನಗಳ ಸುತ್ತ ಒಂದು ಆಚರಣೆ ಕಟ್ಟಿಕೊಂಡು ಧೈರ್ಯ ತಂದುಕೊಂಡರು. ನಮ್ಮ ಕಡೆಯ ಮಾರಮ್ಮ, ದುರ್ಗವ್ವರ ಜಾತ್ರೆಗಳ ಹಿಂದೆಯೂ ಇಂಥ ಭಯವಿತ್ತು, ಇಂಥದೇ ಧೈರ್ಯವಿತ್ತು. ಆ ಧೈರ್ಯವನ್ನು ಹಗುರವಾಗಿ ಕಾಣುವವನು ನಾನಲ್ಲ.

ಆ ಕಟ್ಟಳೆಗಳಲ್ಲಿ ವಿವೇಕವೂ ಇತ್ತು. ರೋಗಿಗೆ ಬೇರೆ ಕೋಣೆ, ಬೇರೆ ಹಾಸಿಗೆ. ಹೊರಗಿನವರು ಒಳಬರದಂತೆ ಬಾಗಿಲಿಗೆ ಬೇವಿನ ಗೊಂಚಲು. ಒಗ್ಗರಣೆಯ ಘಾಟಿಲ್ಲದ ತಂಪು ಊಟ. ಮನೆಯಲ್ಲಿ ಗದ್ದಲವಿಲ್ಲ, ಊರಾಡುವುದಿಲ್ಲ. ನಮ್ಮ ಹಿರಿಯರು ಈ ರೋಗವನ್ನು ಎಂದೂ ಸಣ್ಣದೆಂದು ಭಾವಿಸಿರಲಿಲ್ಲ ಎಂಬುದಕ್ಕೆ ಈ ಕಟ್ಟುನಿಟ್ಟೇ ಸಾಕ್ಷಿ. ಹಾಗಾದರೆ ಎಡವಿದ್ದು ಎಲ್ಲಿ?

ಆ ಕಟ್ಟಳೆಗಳು ಹುಟ್ಟಿದ್ದು ದೊಡ್ಡ ಸಿಡುಬಿಗೆ. ಮೈಗೆ ಮುಖಕ್ಕೆ ಕಲೆ ಬಿಟ್ಟು, ಕಣ್ಣು ಕಳೆದು, ಬಂದವರಲ್ಲಿ ಹತ್ತಕ್ಕೆ ಮೂವರನ್ನು ಕೊಂಡೊಯ್ಯುತ್ತಿದ್ದ ರೋಗ ಅದು. ಅದರ ವೈರಸ್ಸಿಗೂ ಸೀತಾಳೆ ಸಿಡುಬಿನ ವೈರಸ್ಸಿಗೂ ಸಂಬಂಧವಿಲ್ಲ, ಎರಡರ ಕುಲವೇ ಬೇರೆ. ಮೈಮೇಲೆ ಗುಳ್ಳೆ ಏಳುವುದರಿಂದ ಜನ ಎರಡನ್ನೂ ಒಂದೇ ತಾಯಿಯ ಮಕ್ಕಳೆಂದು ತಿಳಿದರು. ಎರಡೂ ಬೇರೆ ಎಂದು ಇಂಗ್ಲೆಂಡಿನ ವೈದ್ಯ ವಿಲಿಯಂ ಹೆಬರ್ಡೆನ್ 1767ರಲ್ಲೇ ತೋರಿಸಿಕೊಟ್ಟಿದ್ದ. ಭಾರತದಲ್ಲಿ ದೊಡ್ಡ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರ ಮೇ ತಿಂಗಳಲ್ಲಿ. 1980ರ ಮೇ 8ರಂದು ವಿಶ್ವ ಆರೋಗ್ಯ ಸಂಸ್ಥೆ ಜಗತ್ತೇ ಅದರಿಂದ ಮುಕ್ತವಾಯಿತೆಂದು ಸಾರಿತು. ರೋಗ ಹೋಯಿತು. ಅದರ ಕಟ್ಟಳೆಗಳು ಮಾತ್ರ ವಾರಸುದಾರನಿಲ್ಲದ ಆಸ್ತಿಯಂತೆ ಸೀತಾಳೆ ಸಿಡುಬಿನ ಪಾಲಿಗೆ ಬಂದವು.

ಆದರೆ ಪೂರ್ತಿಯಾಗಿ ಬರಲಿಲ್ಲ. ದೊಡ್ಡ ಸಿಡುಬಿನ ಭಯ ಮರೆಯಾದಂತೆ ಕಷ್ಟದ ಕಟ್ಟಳೆಗಳು ಸಡಿಲವಾದವು. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ರೋಗಿಗೆ ಪ್ರತ್ಯೇಕ ಕೋಣೆ ಎಲ್ಲಿಂದ ತರುವುದು? ನೆಂಟರು ಬರುತ್ತಾರೆ, ಮಕ್ಕಳು ಒಟ್ಟಿಗೆ ಮಲಗುತ್ತಾರೆ, ‘ಎಲ್ಲಕ್ಕೂ ಒಮ್ಮೆಗೇ ಬಂದು ಹೋಗಲಿ’ ಎಂದು ಬೇಕೆಂದೇ ಮಲಗಿಸುವವರೂ ಇದ್ದಾರೆ. ಉಳಿದದ್ದು ಸುಲಭದ ಕಟ್ಟಳೆಗಳು: ಔಷಧ ಕೊಡಬಾರದು, ಸ್ನಾನ ಮಾಡಿಸಬಾರದು, ಉಗುರು ಕತ್ತರಿಸಬಾರದು. ಕಾಪಾಡುತ್ತಿದ್ದುದನ್ನು ಬಿಟ್ಟು ಅಪಾಯ ತರುವುದನ್ನು ಹಿಡಿದುಕೊಂಡಿದ್ದೇವೆ. ಇದನ್ನು ಸಂಪ್ರದಾಯ ಎಂದು ಕರೆಯುವುದು ಸಂಪ್ರದಾಯಕ್ಕೇ ಮಾಡುವ ಅನ್ಯಾಯ.

‘ಔಷಧ ಬೇಡ’ ಎಂಬುದನ್ನೇ ಮೊದಲು ತೆಗೆದುಕೊಳ್ಳೋಣ. ದೊಡ್ಡ ಸಿಡುಬಿಗೆ ಔಷಧವೇ ಇರಲಿಲ್ಲ. ಆದ್ದರಿಂದ ಔಷಧ ಕೊಡದಿದ್ದರೆ ರೋಗಿ ಕಳೆದುಕೊಳ್ಳುತ್ತಿದ್ದುದೂ ಏನಿರಲಿಲ್ಲ. ಸೀತಾಳೆ ಸಿಡುಬಿನ ಮಾತು ಹಾಗಲ್ಲ. ಅದರ ವೈರಸ್ ಮೈಯಲ್ಲಿ ಮರಿಹಾಕುವುದನ್ನೇ ತಡೆಯುವ ಅಸೈಕ್ಲೋವಿರ್ ಎಂಬ ಔಷಧ 1980ರ ದಶಕದಿಂದಲೂ ಬಳಕೆಯಲ್ಲಿದೆ. ಅದರ ಹಿಂದಿದ್ದ ವಿಜ್ಞಾನಿ ಗರ್ಟ್ರೂಡ್ ಎಲಿಯನ್‌ಗೆ 1988ರಲ್ಲಿ ನೊಬೆಲ್ ಬಂತು. ಇಂದು ಊರಿನ ಯಾವ ಔಷಧ ಅಂಗಡಿಯಲ್ಲೂ ಅದು ಸಿಗುತ್ತದೆ. ಹನ್ನೆರಡು ದಾಟದ ಆರೋಗ್ಯವಂತ ಮಕ್ಕಳಿಗೆ ವೈದ್ಯರು ಸಾಮಾನ್ಯವಾಗಿ ಅದನ್ನು ಬರೆಯುವುದಿಲ್ಲ, ಅಗತ್ಯವೂ ಇರುವುದಿಲ್ಲ. ಹದಿಹರೆಯದವರಿಗೆ, ದೊಡ್ಡವರಿಗೆ, ಆಸ್ತಮಾದಂಥ ಕಾಯಿಲೆ ಇರುವವರಿಗೆ, ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರಿಗೆ ಅದು ಬೇಕಾಗುತ್ತದೆ. ಒಂದೇ ಷರತ್ತು, ಬೇಗ ಶುರುಮಾಡಬೇಕು. ಮೊದಲ ಗುಳ್ಳೆ ಕಂಡ 24 ಗಂಟೆಯೊಳಗೆ ಶುರುವಾದರೆ ಅದರ ಗುಣ ಹೆಚ್ಚು. ‘ಮೂರು ದಿನ ನೋಡೋಣ, ಐದನೆಯ ದಿನ ನೀರು ಹಾಕೋಣ, ಆಮೇಲೆ ಬೇಕಾದರೆ ದವಾಖಾನೆ’ ಎನ್ನುವ ಮನೆ ನಿಖರವಾಗಿ ಆ ಒಂದು ದಿನವನ್ನೇ ಕಳೆದುಕೊಳ್ಳುತ್ತದೆ. ಔಷಧ ಕೆಲಸಮಾಡುವ ಹೊತ್ತಿನಲ್ಲಿ ಬೇಡವೆಂದು, ಅದರ ಹೊತ್ತು ಮೀರಿದ ಮೇಲೆ ಬೇಕೆಂದು ಓಡುವುದು ಯಾವ ಭಕ್ತಿ?

ಎರಡನೆಯ ಮಾತು, ‘ಇದು ಮಕ್ಕಳ ರೋಗ’ ಎಂಬುದು. ಚಳಿದೇಶಗಳಲ್ಲಿ, ಲಸಿಕೆ ಬರುವ ಮುಂಚೆ, ಹೆಚ್ಚುಕಡಿಮೆ ಎಲ್ಲರಿಗೂ ಇದು ಚಿಕ್ಕಂದಿನಲ್ಲೇ ಬಂದು ಹೋಗುತ್ತಿತ್ತು. ನಮ್ಮಂಥ ಬಿಸಿಲ ನಾಡುಗಳಲ್ಲಿ ಹಾಗಲ್ಲ. ಇಲ್ಲಿ ರೋಗ ತಗಲುವ ಸರಾಸರಿ ವಯಸ್ಸೇ ಹೆಚ್ಚು. ಚಿಕ್ಕಂದಿನಲ್ಲಿ ತಪ್ಪಿಸಿಕೊಂಡು, ಮೈಯಲ್ಲಿ ಪ್ರತಿರೋಧವಿಲ್ಲದೆ ದೊಡ್ಡವರಾದವರು ನಮ್ಮಲ್ಲಿ ಸಾಕಷ್ಟು ಮಂದಿ ಇದ್ದಾರೆ. ವಯಸ್ಸು ಏರಿದಂತೆ ರೋಗದ ಬಿರುಸೂ ಏರುತ್ತದೆ. ಲಸಿಕೆಗೆ ಮುಂಚಿನ ಅಮೆರಿಕದ ಲೆಕ್ಕ ನೋಡಿ: 1ರಿಂದ 14 ವರ್ಷದ ಮಕ್ಕಳಲ್ಲಿ ಲಕ್ಷ ರೋಗಿಗಳಿಗೆ ಸುಮಾರು ಒಂದು ಸಾವು, ದೊಡ್ಡವರಲ್ಲಿ ಲಕ್ಷಕ್ಕೆ ಸುಮಾರು 21. ಒಟ್ಟು ರೋಗಿಗಳಲ್ಲಿ ದೊಡ್ಡವರು ನೂರಕ್ಕೆ ಐದು ಮಂದಿಯಷ್ಟೇ, ಸತ್ತವರಲ್ಲಿ ನೂರಕ್ಕೆ 35. ದೊಡ್ಡವರಿಗೆ ಬಂದಾಗ ವೈರಸ್ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಬೀಡಿ ಸಿಗರೇಟು ಸೇದುವವರಿಗೆ ಆ ಅಪಾಯ ಇನ್ನೂ ಹೆಚ್ಚು. ಗುಳ್ಳೆ ಎದ್ದ ಕೆಲವೇ ದಿನಗಳಲ್ಲಿ ಕೆಮ್ಮು, ಏದುಸಿರು ಕಾಣಿಸಿದರೆ ಅದು ತಾಯಿಯ ಮುನಿಸಲ್ಲ, ಆಮ್ಲಜನಕ ಬೇಕೆಂಬ ಕೂಗು.

ಹೈದರಾಬಾದಿನಂಥ ನಗರ ಇಂಥ ದೊಡ್ಡವರನ್ನೇ ಒಂದೆಡೆ ಗುಡ್ಡೆಹಾಕುತ್ತದೆ. ಅಮೀರ್‌ಪೇಟೆಯ ಕೋಚಿಂಗ್ ಕೇಂದ್ರಗಳ ಸುತ್ತಲಿನ ಹಾಸ್ಟೆಲುಗಳು, ದಿಲ್‌ಸುಖ್‌ನಗರ, ಮಾದಾಪುರ, ಕೂಕಟ್‌ಪಲ್ಲಿಗಳ ಪಿ.ಜಿ.ಗಳು, ಊರಂಚಿನ ಕಟ್ಟಡ ಕಾರ್ಮಿಕರ ತಗಡಿನ ಶೆಡ್ಡುಗಳು. ಒಂದು ಕೋಣೆಗೆ ನಾಲ್ಕೈದು ಮಂದಿ, ಎಲ್ಲರೂ ಇಪ್ಪತ್ತರ ಆಸುಪಾಸಿನವರು, ಹೆಚ್ಚಿನವರು ಹಳ್ಳಿಗಳಿಂದ ಬಂದವರು. ಈ ರೋಗ ಗಾಳಿಯಲ್ಲಿ ಹರಡುತ್ತದೆ. ಒಂದೇ ಸೂರಿನಡಿ ಇರುವವರಲ್ಲಿ ಪ್ರತಿರೋಧವಿಲ್ಲದವರಿದ್ದರೆ ಹತ್ತರಲ್ಲಿ ಒಂಬತ್ತು ಮಂದಿಗೂ ತಗಲಬಹುದು. ಗುಳ್ಳೆ ಏಳುವ ಒಂದೆರಡು ದಿನ ಮುಂಚೆಯೇ ರೋಗಿ ಹರಡಲು ಶುರುಮಾಡಿರುತ್ತಾನೆ. ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆ ಕಟ್ಟುವವರೆಗೆ ಹರಡುತ್ತಲೇ ಇರುತ್ತಾನೆ. ತಗಲಿದವನಲ್ಲಿ ರೋಗ ಕಾಣುವುದು 10ರಿಂದ 21 ದಿನಗಳ ನಂತರ. ಹೀಗಾಗಿ ಒಂದು ಹಾಸ್ಟೆಲಿನಲ್ಲಿ ಹೊಕ್ಕ ರೋಗ ಎರಡೆರಡು ವಾರಕ್ಕೊಂದು ಅಲೆಯಾಗಿ ತಿಂಗಳುಗಟ್ಟಲೆ ಸುತ್ತುತ್ತದೆ.

ಆಗ ನಾವು ಮಾಡುವುದೇನು? ಹುಡುಗನ ಮೈಮೇಲೆ ನಾಲ್ಕು ಗುಳ್ಳೆ ಕಂಡೊಡನೆ ‘ಊರಿಗೆ ಹೋಗಿಬಿಡು’ ಎಂದು ಚೀಲ ಕಟ್ಟಿಸುತ್ತೇವೆ. ಜ್ವರದಿಂದ ನಡುಗುವವನು ಇಮ್ಲಿಬನ್ ಬಸ್ ನಿಲ್ದಾಣಕ್ಕೆ ಬಂದು, ಕಲಬುರಗಿಯದೋ ರಾಯಚೂರಿನದೋ ಬಸ್ಸು ಹತ್ತಿ, ತಾಸುಗಟ್ಟಲೆ ಐವತ್ತು ಮಂದಿಯ ನಡುವೆ ಕೂತು ಊರು ಸೇರುತ್ತಾನೆ. ಅವನ ಪಕ್ಕದಲ್ಲಿ ಹೆರಿಗೆಗೆ ತವರಿಗೆ ಹೊರಟ ಹೆಣ್ಣುಮಗಳು ಕೂತಿರಬಹುದು. ಅಷ್ಟರಲ್ಲಿ ಔಷಧ ಶುರುಮಾಡಬೇಕಾದ ಆ ಒಂದು ದಿನವೂ ಮುಗಿದಿರುತ್ತದೆ. ಇದೇ ಊರಿನ ನಲ್ಲಕುಂಟದಲ್ಲಿ, ಜನ ಇಂದಿಗೂ ಕೋರಂಟಿ ಎಂದೇ ಕರೆಯುವ ಸರ್ಕಾರಿ ಫೀವರ್ ಆಸ್ಪತ್ರೆ ಇದೆ. ಹರಡುವ ರೋಗಗಳಿಗೆಂದೇ ಇರುವ ಆಸ್ಪತ್ರೆ ಅದು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯೊಳಗೆ ಮಲೇರಿಯಾದ ಪರಾವಲಂಬಿಯನ್ನು ಕಂಡ ರೊನಾಲ್ಡ್ ರಾಸ್ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಅಲ್ಲಿಗೆ ಒಂದು ಆಟೋ ದೂರದಲ್ಲಿರುವ ಹುಡುಗನನ್ನು ಬಸ್ಸಿಗೆ ದೂಡುವುದು ಕರುಣೆಯೂ ಅಲ್ಲ, ಜಾಣತನವೂ ಅಲ್ಲ.

ಬಸುರಿಯ ಮಾತು ಬಂದಿದ್ದರಿಂದ ಅದನ್ನು ಪೂರ್ತಿ ಹೇಳಬೇಕು. ಚಿಕ್ಕಂದಿನಲ್ಲಿ ಈ ರೋಗ ಬಾರದ, ಲಸಿಕೆಯನ್ನೂ ಪಡೆಯದ ಹೆಂಗಸಿಗೆ ಬಸುರಿನ ಮೊದಲ 20 ವಾರಗಳಲ್ಲಿ ಇದು ತಗಲಿದರೆ, ನೂರರಲ್ಲಿ ಒಂದೆರಡು ಕೂಸುಗಳು ಚರ್ಮ, ಕೈಕಾಲು, ಕಣ್ಣು, ಮಿದುಳಿನ ಊನದೊಂದಿಗೆ ಹುಟ್ಟಬಹುದು. ತಾಯಿಗೂ ನ್ಯುಮೋನಿಯಾದ ಅಪಾಯವಿದೆ. ಹೆರಿಗೆಗೆ ಐದು ದಿನ ಮುಂಚಿನಿಂದ ಹೆರಿಗೆಯಾದ ಎರಡು ದಿನದೊಳಗೆ ತಾಯಿಗೆ ಗುಳ್ಳೆ ಎದ್ದರೆ ಕಷ್ಟ ಇನ್ನೂ ದೊಡ್ಡದು. ಆಗ ಕೂಸಿಗೆ ತಾಯಿಯಿಂದ ವೈರಸ್ ಹೋಗಿರುತ್ತದೆ, ರಕ್ಷಣೆ ಹೋಗಿರುವುದಿಲ್ಲ. ಚಿಕಿತ್ಸೆ ಇಲ್ಲದ ದಿನಗಳಲ್ಲಿ ಇಂಥ ಕೂಸುಗಳಲ್ಲಿ ನೂರಕ್ಕೆ ಮೂವತ್ತರವರೆಗೂ ಸಾಯುತ್ತಿದ್ದವು. ಇಂದು ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್ ಮತ್ತು ಅಸೈಕ್ಲೋವಿರ್‌ನಿಂದ ಉಳಿಸಬಹುದು, ಆಸ್ಪತ್ರೆಗೆ ಕೂಡಲೇ ತಿಳಿಸಿದರೆ. ತಾಯಿ ಬಂದ ಮನೆಗೆ ನೀರು ಹಾಕುವ ದಿನ ಓಣಿಯ ಹೆಂಗಸರೆಲ್ಲ ಬಂದು ಹೋಗುವ ರೂಢಿ ಇರುವಲ್ಲಿ, ಅವರೊಳಗೊಬ್ಬಳು ಎರಡು ತಿಂಗಳ ಬಸುರಿ ಇದ್ದಾಳೆಯೇ ಎಂದು ಕೇಳುವವರು ಯಾರು? ಎರಡು ತಿಂಗಳ ಬಸುರನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವುದೂ ಇಲ್ಲ. ‘ಬಂದು ಹೋಗುವ ಕಾಯಿಲೆ’ ಎಂಬ ಹಗುರ ಮಾತಿನ ಭಾರ ಹೊರುವವಳು ಅವಳು.

ಸ್ನಾನ, ಉಗುರುಗಳ ಕಟ್ಟಳೆಗೆ ಹೆಚ್ಚು ಮಾತು ಬೇಕಿಲ್ಲ. ಮಕ್ಕಳಲ್ಲಿ ಈ ರೋಗದ ಅತಿ ಸಾಮಾನ್ಯ ತೊಡಕು ಕೆರೆದ ಗುಳ್ಳೆಯೊಳಗೆ ಬ್ಯಾಕ್ಟೀರಿಯಾ ಹೊಕ್ಕು ಕೀವಾಗುವುದು. ಅದು ಕೆಲವೊಮ್ಮೆ ರಕ್ತಕ್ಕೂ ಇಳಿಯುತ್ತದೆ. ಉಗುರು ಬೆಳೆದಿದ್ದರೆ, ಬೆವರು ಕೊಳೆ ಮೈಮೇಲೇ ಇದ್ದರೆ ಅದಕ್ಕೆ ದಾರಿ ಸಲೀಸು. ಉಗುರು ಮೋಟಾಗಿರಲಿ, ಉಗುರುಬೆಚ್ಚಗಿನ ನೀರಿನಲ್ಲಿ ದಿನವೂ ಮೈ ತೊಳೆಯಲಿ, ಬಟ್ಟೆ ಸಡಿಲವಾಗಿರಲಿ. ನೀರಿಗೆ ಬೇವಿನ ಸೊಪ್ಪು ಹಾಕುವುದಾದರೆ ಹಾಕಿ, ಬೇವಿನ ಎಸಳಿನಿಂದ ಮೆಲ್ಲಗೆ ಸವರಿ. ಒಡೆದ ಗುಳ್ಳೆಗೆ ಮಾತ್ರ ಏನನ್ನೂ ಅರೆದು ಮೆತ್ತಬೇಡಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಮಕ್ಕಳಿಗೆ ಆಸ್ಪಿರಿನ್ ಕೊಟ್ಟರೆ ಮಿದುಳು ಮತ್ತು ಯಕೃತ್ತಿಗೆ ಪೆಟ್ಟಾಗುವ ಅಪಾಯವಿದೆ. ಹೋದ ಜ್ವರ ಮರಳಿದರೆ, ಮಗು ತೂರಾಡಿದರೆ, ಮಂಕಾದರೆ, ಗುಳ್ಳೆಯ ಸುತ್ತ ಕೆಂಪಾಗಿ ಬಿಸಿಯಾಗಿ ಊದಿಕೊಂಡರೆ ಮುಹೂರ್ತ ನೋಡದೆ ಆಸ್ಪತ್ರೆಗೆ ಹೊರಡಬೇಕು.

ಇನ್ನು ಓದಿದವರ ವಾದ: ‘ಒಮ್ಮೆ ಬಂದು ಹೋದರೆ ಒಳ್ಳೆಯದು, ಜೀವನಪೂರ್ತಿ ಪ್ರತಿರೋಧ ಸಿಗುತ್ತದೆ.’ ಬರುವುದು ನಿಜ, ಹೋಗುವುದು ನಿಜವಲ್ಲ. ಗುಳ್ಳೆ ಮಾಯ್ದ ಮೇಲೆ ವೈರಸ್ ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಅಡಗಿ ಕೂರುತ್ತದೆ. ವಯಸ್ಸಾಗಿ ಅಥವಾ ಬೇರೆ ಕಾಯಿಲೆಯಿಂದ ದೇಹ ಸೋತಾಗ ಒಂದು ನರದ ಗುಂಟ ಹೊರಬರುತ್ತದೆ. ಅದೇ ಸರ್ಪಸುತ್ತು. ಸೀತಾಳೆ ಸಿಡುಬು ಬಂದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಬಾಳಿನಲ್ಲಿ ಒಮ್ಮೆ ಇದು ಬರುತ್ತದೆ. ಗುಳ್ಳೆ ಒಣಗಿದರೂ ಆ ಜಾಗದ ಉರಿ ಕೆಲವರನ್ನು ತಿಂಗಳು, ವರ್ಷಗಳವರೆಗೆ ನಿದ್ದೆಗೆಡಿಸುತ್ತದೆ. ಏಳರ ಮಗುವಿಗೆ ‘ಬಂದು ಹೋಗಲಿ’ ಎಂದವರು ಎಪ್ಪತ್ತರ ಮುದುಕನ ನೋವನ್ನೂ ಅವನಿಗೆ ಬರೆದುಕೊಟ್ಟಿರುತ್ತಾರೆ.

ರೋಗ ಬರದೆಯೇ ಪ್ರತಿರೋಧ ಪಡೆಯುವ ದಾರಿಯೂ ಇದೆ. ಜಪಾನಿನ ವೈದ್ಯ ಮಿಚಿಯಾಕಿ ತಕಹಾಶಿ ತನ್ನ ಮಗ ಈ ರೋಗದಿಂದ ನರಳಿದ್ದನ್ನು ಕಂಡು ಹಟಹಿಡಿದು 1974ರಲ್ಲಿ ಲಸಿಕೆ ಸಿದ್ಧಪಡಿಸಿದರು. ಅಮೆರಿಕ 1995ರಿಂದ ಅದನ್ನು ಎಲ್ಲ ಮಕ್ಕಳಿಗೂ ಕೊಡುತ್ತಿದೆ. ಮೊದಲ 25 ವರ್ಷಗಳಲ್ಲಿ ಸುಮಾರು 9.1 ಕೋಟಿ ಪ್ರಕರಣಗಳು, 2.38 ಲಕ್ಷ ಆಸ್ಪತ್ರೆ ದಾಖಲಾತಿಗಳು, ಎರಡು ಸಾವಿರದಷ್ಟು ಸಾವುಗಳು ತಪ್ಪಿದವೆಂದು ಅಲ್ಲಿನ ಅಂದಾಜು. ಸೀತಾಳೆ ಸಿಡುಬು ಸೌಮ್ಯ ರೋಗವೆಂದು ದಶಕಗಳ ಕಾಲ ಕೈಕಟ್ಟಿ ಕೂತಿದ್ದ ಬ್ರಿಟನ್ನಿನ ಲಸಿಕಾ ಸಲಹಾ ಸಮಿತಿಯೂ 2023ರ ನವೆಂಬರಿನಲ್ಲಿ ಎಲ್ಲ ಮಕ್ಕಳಿಗೂ ಲಸಿಕೆ ಕೊಡಬೇಕೆಂದು ಶಿಫಾರಸು ಮಾಡಿತು.

ನಮ್ಮ ಸರ್ಕಾರ? ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಹನ್ನೆರಡು ರೋಗಗಳಿಗೆ ಲಸಿಕೆ ಇದೆ, ಸೀತಾಳೆ ಸಿಡುಬಿಗೆ ಇಲ್ಲ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ ಎರಡು ಡೋಸ್ ಕೊಡಿ ಎನ್ನುತ್ತದೆ, ಮೊದಲನೆಯದು 15 ತಿಂಗಳಿಗೆ. ಖಾಸಗಿಯಲ್ಲಿ ಒಂದು ಡೋಸ್‌ಗೆ ಸುಮಾರು ಎರಡು ಸಾವಿರ ರೂಪಾಯಿ. ಬಂಜಾರಾ ಹಿಲ್ಸಿನ ಮಗುವಿಗೆ ಅದು ಸಿಗುತ್ತದೆ, ಅದೇ ಮನೆ ಕಟ್ಟಲು ಯಾದಗಿರಿಯಿಂದ ಬಂದ ಕೂಲಿಯವನ ಮಗುವಿಗೆ ಸಿಗುವುದಿಲ್ಲ. ಇದು ಬರೀ ಅಸಮಾನತೆಯ ಪ್ರಶ್ನೆಯಲ್ಲ. ನೂರಕ್ಕೆ ಎಂಬತ್ತರಷ್ಟಾದರೂ ಮಕ್ಕಳಿಗೆ ನಿರಂತರವಾಗಿ ಲಸಿಕೆ ತಲುಪದೆ ಅರೆಬರೆಯಾದರೆ, ರೋಗ ಮಕ್ಕಳಿಂದ ದೊಡ್ಡವರತ್ತ ಸರಿಯಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಎಚ್ಚರಿಸಿದೆ. ಉಳ್ಳವರು ಮಾತ್ರ ಲಸಿಕೆ ಕೊಳ್ಳುತ್ತಾ ಹೋದರೆ, ಬಡವರ ಮಕ್ಕಳು ರೋಗ ಎದುರಾಗದೆ ಬೆಳೆದು, ಅದು ಬಿರುಸಾಗಿ ಕಾಡುವ ವಯಸ್ಸಿನಲ್ಲಿ ಅದಕ್ಕೆ ಸಿಕ್ಕುವ ಸಂಭವ ಹೆಚ್ಚುತ್ತದೆ. ಮಾರುಕಟ್ಟೆಗೆ ಬಿಟ್ಟು ಸುಮ್ಮನಿರುವುದೂ ಒಂದು ನೀತಿಯೇ. ಅದು ಕೆಟ್ಟ ನೀತಿ.

‘ದಡಾರ, ಕ್ಷಯಗಳಂಥ ದೊಡ್ಡ ರೋಗಗಳಿರುವಾಗ ಇದಕ್ಕೆ ದುಡ್ಡೆಲ್ಲಿ?’ ಎನ್ನುವವರಿಗೆ ಉತ್ತರ ಈ ಊರಿನಲ್ಲೇ ಇದೆ. ಹೆಪಟೈಟಿಸ್ ಬಿ ಲಸಿಕೆ ಪರದೇಶದಿಂದ ಬಂದು ಬಡವರ ಕೈಗೆಟುಕದಿದ್ದಾಗ, 1993ರಲ್ಲಿ ಇಲ್ಲಿ ಶುರುವಾದ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ತನ್ನದೇ ಲಸಿಕೆ ತಂದು ಬೆಲೆ ಇಳಿಸಿತು. ಮುಂದೆ ಆ ಲಸಿಕೆ ದೇಶದ ಪ್ರತಿ ಮಗುವಿಗೂ ಉಚಿತವಾಯಿತು. ಭಾರತ್ ಬಯೋಟೆಕ್‌ನ ರೋಟಾ ವೈರಸ್ ಲಸಿಕೆ 2016ರಲ್ಲಿ ಸರ್ಕಾರಿ ಕಾರ್ಯಕ್ರಮ ಸೇರಿತು. ಜಗತ್ತಿಗೇ ಲಸಿಕೆ ಮಾಡಿಕೊಡುವ ಊರು ಇದು. ಸರ್ಕಾರ ‘ಕೋಟಿಗಟ್ಟಲೆ ಡೋಸ್ ಕೊಳ್ಳುತ್ತೇನೆ’ ಎಂದರೆ ಬೆಲೆ ಇಳಿಯುತ್ತದೆಂಬುದನ್ನು ಈ ಊರಿಗೆ ಹೊಸದಾಗಿ ಕಲಿಸಬೇಕಿಲ್ಲ. ಬೇಕಾದದ್ದು ಈ ರೋಗ ಲೆಕ್ಕಕ್ಕೆ ಬರುತ್ತದೆಂಬ ನಿರ್ಧಾರ.

ಆ ನಿರ್ಧಾರಕ್ಕೆ ಕಾಯದೆ ನಾವೇ ಮಾಡಬಹುದಾದದ್ದೂ ಇದೆ. ಹಾಸ್ಟೆಲು ನಡೆಸುವವರು ಒಂದು ಕೋಣೆಯನ್ನು ಕಾಯಿಲೆಯವರಿಗೆಂದು ಬಿಡಲಿ, ಹುಡುಗನನ್ನು ಬಸ್ಸಿಗಲ್ಲ, ವೈದ್ಯರ ಬಳಿಗೆ ಕಳಿಸಲಿ. ಅವನ ಜೊತೆಗಿದ್ದವರು ಮೂರರಿಂದ ಐದು ದಿನದೊಳಗೆ ಲಸಿಕೆ ಪಡೆದರೆ ರೋಗ ತಪ್ಪಬಹುದು, ಇಲ್ಲವೇ ಹಗುರಾಗಬಹುದು ಎಂಬುದನ್ನು ಗೋಡೆಯ ಮೇಲೆ ಬರೆಸಲಿ. ಮದುವೆಯಾಗುವ ಹುಡುಗಿಗೆ ಚಿಕ್ಕಂದಿನಲ್ಲಿ ಈ ರೋಗ ಬಂದಿತ್ತೇ ಎಂದು ಮನೆಯವರು ವಿಚಾರಿಸಲಿ. ಬರದಿದ್ದರೆ ಬಸುರಾಗುವ ಮುಂಚೆಯೇ ಎರಡು ಡೋಸ್ ಕೊಡಿಸಲಿ, ಏಕೆಂದರೆ ಬಸುರಿಗೆ ಈ ಲಸಿಕೆ ಕೊಡುವಂತಿಲ್ಲ. ಕಾಚಿಗುಡದಿಂದ ಹಿಡಿದು ಊರ ಎಲ್ಲ ಮೂಲೆಗಳಲ್ಲೂ ಇರುವ ಕನ್ನಡಿಗರ ಸಂಘಗಳು ರಾಜ್ಯೋತ್ಸವಕ್ಕೆ ತೋರುವ ಉತ್ಸಾಹದಲ್ಲಿ ಒಂದು ಪಾಲನ್ನು ಶಿವರಾತ್ರಿಗೆ ಮುಂಚೆ ಕೂಲಿಕಾರರ ಶೆಡ್ಡುಗಳಲ್ಲಿ ಕನ್ನಡದಲ್ಲೇ ಈ ಮಾತು ಹೇಳಲು ಮೀಸಲಿಡಲಿ.

ದೇವಿಗೆ ಬೋನ ಎತ್ತುವವರು ಎತ್ತಲಿ, ಬೇವು ಕಟ್ಟುವವರು ಕಟ್ಟಲಿ. ಕಾಪಾಡು ಎಂದು ಕೈಮುಗಿದವರಿಗೆ ಕಾಪಾಡುವ ಔಷಧವನ್ನು ದೂರವಿಡುವ ಹಕ್ಕಿಲ್ಲ. ದೊಡ್ಡ ಸಿಡುಬನ್ನು ಈ ನೆಲದಿಂದ ಅಟ್ಟಿದ್ದು ಮನೆಮನೆಗೆ ನಡೆದು ಲಸಿಕೆ ಹಾಕಿದವರು. ಅಂದು ಅವರಿಗೆ ಬಾಗಿಲು ತೆರೆದ ತಾಯಂದಿರ ಎದೆಗಾರಿಕೆಯನ್ನು ಸಂಪ್ರದಾಯವೆಂದು ಮುಂದುವರಿಸೋಣ, ‘ಗುಳಿಗಿ ಬ್ಯಾಡ’ ಎಂಬ ಮಾತನ್ನು ಕೈಬಿಡೋಣ.